ಇನ್ನೂರ ಐದನೆಯ ರೈತ

"ಭಾನವ್ವ, ಬಂತು ಕಣವ್ವ ನಿನ್ ಕಾಗ್ದ!"

ಚಾಮರಾಜನಗರದಿಂದ ಬಂದ ಹನ್ನೊಂದು ಗಂಟೆಯ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಮೂಗಯ್ಯ ಕಂದು ಬಣ್ಣದ ಕವರೊಂದನ್ನು ಬೀಸುತ್ತಿದ್ದ. ಭಾನು ಎದುರಿನ ಮಹಡಿಯಿಂದ ಇಳಿದು ರಸ್ತೆ ದಾಟಿ ಬಂದಳು.

"ಕಾಗದ ಅಲ್ಲ ಮೂಗಯ್ಯಣ್ಣ, ಫ್ಲಾಪಿ."

"ಯಾವ್ದಾರ ಆಗ್ಲಿ ಬುಡು. ವಾರಕ್ ಮೂರ್ ಸಲ ಓಗಿ ಬತ್ತದೆ. ಕೊಡುವಾಗ ಅವ್ನೂ ಮೊಟ್ಟೆ ಇಡ್ಕಂಡಂಗೆ ಕೊಡ್ತನೆ, ಈಸ್ಕಳುವಾಗ ನೀನೂ ಅಂಗೇ ಈಸ್ಕತಿಯ. ನಮ್ ಕಾಲ್ದಲ್ಲಿ ಅಂತಾದ್ನ ಕಾಗ್ದ ಅಂತಿದ್ರು."

ಭಾನು ನಗಲಿಲ್ಲ. ಆದರೆ ಕವರು ಬಿಚ್ಚಲು ಮಹಡಿ ಹತ್ತುವವರೆಗೆ ಕಾಯಲೂ ಇಲ್ಲ.

ಇದು ತೊಂಬತ್ತೆಂಟನೆಯ ಇಸವಿಯ ಮಾತು. ರಾಜಶೇಖರ್ ಎಂಬುವವರು ಚಾಮರಾಜನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ಒಂದು ವರ್ಷದ ಹಿಂದೆ ಗುಂಡ್ಲುಪೇಟೆಯಲ್ಲೂ ಒಂದು ಬ್ರಾಂಚ್ ತೆರೆದಿದ್ದರು. ಚಾಮರಾಜನಗರದಲ್ಲಿ ನಾಲ್ಕು ಮೆಷಿನ್, ಪಾಠ ಹೇಳಲು ಮಹಾಲಿಂಗ. ಇಲ್ಲಿ ಗುಂಡ್ಲುಪೇಟೆಯಲ್ಲಿ ಹೊಲಿಗೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಎರಡು ಮೆಷಿನ್, ಪಾಠ ಹೇಳಲು ಭಾನು. ಎರಡೂ ಊರಿನ ನಡುವೆ ಮೂಗಯ್ಯನ ಬಸ್ಸು.

ಭಾನು ಮಹಾಲಿಂಗನನ್ನು ನೋಡಿರಲಿಲ್ಲ. ನೋಡದೆಯೇ ಎರಡು ತಿಂಗಳಿನಿಂದ ಇಬ್ಬರೂ ಸೇರಿ ಒಂದು ಪ್ರೋಗ್ರಾಮ್ ಬರೆಯುತ್ತಿದ್ದರು. ಗುಂಡ್ಲುಪೇಟೆಯ ಹತ್ತಿರದ ಒಂದು ಚಾಕಿ ಕೇಂದ್ರಕ್ಕೆ, ಅಂದರೆ ಆಗತಾನೇ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಜ್ವರ ಎನ್ನುವ ಪೊರೆ ಬಿಡುವ ನಿದ್ದೆಯಿಂದ ಎರಡನೆಯ ಸಲ ಏಳುವವರೆಗೆ ಸಾಕಿ ರೈತರಿಗೆ ಕೊಡುವ ಜಾಗಕ್ಕೆ, ಅದು ಬೇಕಾಗಿತ್ತು. ನಾನೂರು ಜನ ರೈತರು. ಒಬ್ಬೊಬ್ಬರಿಗೂ ಎರಡು ವರ್ಷದ ಹತ್ತು ಬೆಳೆ. ಬೆಳೆಯೊಂದಕ್ಕೆ ಹತ್ತು ಸಂಗತಿ: ಮೊಟ್ಟೆ ಎಷ್ಟು, ಯಾವ ದಿನ ಜ್ವರಕ್ಕೆ ಕೂತವು, ಹುಳು ಮನೆಯ ಶಾಖ ಎಷ್ಟಿತ್ತು, ಹೀಗೆ. ಅಡ್ಡಕ್ಕೆ ನೂರು ಮನೆ, ಉದ್ದಕ್ಕೆ ನಾನೂರು ಸಾಲು. ರೈತರು ಹೆಚ್ಚಬಹುದು, ಕಡಿಮೆಯಾಗಬಹುದು. ಆದ್ದರಿಂದ ಕಂಪ್ಯೂಟರಿನ ಮೆಮೊರಿಯಲ್ಲಿ ಎಷ್ಟು ಬೇಕೋ ಅಷ್ಟು ಜಾಗವನ್ನು ಪ್ರೋಗ್ರಾಮ್ ನಡೆಯುವಾಗಲೇ ಕೇಳಿ ಪಡೆಯುವ ಹಾಗೆ ಮಹಾಲಿಂಗ ಸಿ ಭಾಷೆಯಲ್ಲಿ ಬರೆದಿದ್ದ. ಮೊದಲು ನಾನೂರು ವಿಳಾಸ ಹಿಡಿಯುವ ಒಂದು ಪಟ್ಟಿ. ಆಮೇಲೆ ಒಬ್ಬೊಬ್ಬ ರೈತನಿಗೂ ಬೇರೆ ಬೇರೆ ಕಡೆ ಒಂದೊಂದು ಸಾಲು. ಯಾವ ಸಾಲು ಎಲ್ಲಿದೆ ಎನ್ನುವುದನ್ನು ಪಟ್ಟಿ ಹೇಳುತ್ತದೆ.

ಪ್ರೋಗ್ರಾಮಿನ ನಡುವೆ ಕಂಪ್ಯೂಟರು ಓದದ ಸಾಲುಗಳನ್ನು ಬರೆಯುವುದಕ್ಕೆ ಅವಕಾಶವಿದೆ. ಅವಕ್ಕೆ ಕಾಮೆಂಟ್ ಎನ್ನುತ್ತಾರೆ. ಮನುಷ್ಯರಿಗೆಂದೇ ಇರುವ ಸಾಲುಗಳು ಅವು. ಮಹಾಲಿಂಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ. "ಈ ಲೂಪ್ ನಿಮ್ಮದೇ. ನನ್ನದಕ್ಕಿಂತ ಚೆನ್ನಾಗಿದೆ." "ತೆರಕಣಾಂಬಿಯಲ್ಲಿ ಮಳೆಯಂತೆ, ಮೂಗಯ್ಯ ಹೇಳಿದರು. ಅಲ್ಲಿ ಕರೆಂಟ್ ಇದೆಯಾ?" ಭಾನು ಕೆಳಗೆ ಉತ್ತರ ಬರೆಯುತ್ತಿದ್ದಳು. "ಇದೆ. ಸಂಜೆಗೆ ಹೋಗಬಹುದು." ಇಷ್ಟೇ. ಆದರೆ ಕೆಲಸ ಮುಗಿದ ಕಾಮೆಂಟುಗಳನ್ನು ಅಳಿಸಬೇಕೆಂಬ ನಿಯಮ ಗೊತ್ತಿದ್ದೂ ಇಬ್ಬರೂ ಒಂದನ್ನೂ ಅಳಿಸಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಭಾನು ಗಮನಿಸಿದ್ದಳು. ಫ್ಲಾಪಿಯ ಮೇಲೆ ಒತ್ತಿ ಬರೆದರೆ ಒಳಗಿನ ತಟ್ಟೆ ಕೆಡುತ್ತದೆ. ಅವಸರದಲ್ಲಿ ಎಲ್ಲರೂ ಒತ್ತಿಯೇ ಬರೆಯುತ್ತಾರೆ. ಮಹಾಲಿಂಗ ಮಾತ್ರ ಲೇಬಲ್ಲಿನ ಮೇಲೆ ಮೊದಲೇ ಬರೆದು, ಆಮೇಲೆ ಅಂಟಿಸುತ್ತಿದ್ದ. ಅಕ್ಷರದ ತುದಿ ಅಂಚಿನಲ್ಲಿ ಕತ್ತರಿಸಿಹೋಗಿರುವುದನ್ನು ನೋಡಿ ಅವಳು ಅದನ್ನು ಕಂಡುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಆ ಬುಧವಾರ ಬಂದ ಕಾಮೆಂಟು ಹೀಗಿತ್ತು: "ಇಲ್ಲಿ ಸರಿಯಾಗಿ ನಡೆಯುತ್ತಿದೆ. ನೂರು ರೈತರವರೆಗೆ ಹಾಕಿ ನೋಡಿದೆ. ಜಾಗ ಕೇಳುವ ಭಾಗದಲ್ಲಿ ತಪ್ಪಿಲ್ಲ. ನೀವು ಏನು ಬದಲಾಯಿಸಿದಿರಿ?"

ಭಾನು ಅದನ್ನು ಎರಡು ಸಲ ಓದಿದಳು. ಮುಖ ಬಿಸಿಯಾಯಿತು.

ಅವಳ ಮೆಷಿನ್ನಿನಲ್ಲಿ ಪ್ರೋಗ್ರಾಮ್ ಇನ್ನೂರ ನಾಲ್ಕು ರೈತರವರೆಗೆ ನೆಟ್ಟಗೆ ಓಡುತ್ತಿತ್ತು. ಇನ್ನೂರ ಐದನೆಯ ರೈತ ಬಂದ ಕೂಡಲೇ ಪರದೆ ಹಾಗೇ ನಿಂತುಬಿಡುತ್ತಿತ್ತು. ಕೀ ಒತ್ತಿದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಮೆಷಿನ್ ಆಫ್ ಮಾಡಿ ಆನ್ ಮಾಡಬೇಕು. ಇನ್ನೂರ ಐದನೆಯವನ ಹೆಸರು ಚಿಕ್ಕಮಲ್ಲಪ್ಪ. ಅವನ ವಿವರದಲ್ಲೇ ಏನೋ ಕೆಟ್ಟಿರಬೇಕೆಂದು ಅವಳು ಸೋಮವಾರ ಅವನನ್ನೇ ತೆಗೆದುಹಾಕಿ ನೋಡಿದ್ದಳು. ಮುಂದಿನವನು ಇನ್ನೂರ ಐದನೆಯವನಾದ. ಅವನಲ್ಲೂ ನಿಂತಿತು. ಪಾಪ, ಚಿಕ್ಕಮಲ್ಲಪ್ಪನನ್ನು ವಾಪಸು ಸೇರಿಸಿದ್ದಳು.

ಹೊಲಿಗೆ ಅಂಗಡಿಯ ಮಹಾಲಕ್ಷ್ಮಮ್ಮ ಕೆಳಗಿನಿಂದ ಕೂಗಿದರು. "ಫೋನು ಕಣಮ್ಮಿ! ನಿಮ್ ಸಾವ್ಕಾರ್ರು."

ರಾಜಶೇಖರ್ ಸುತ್ತಿ ಬಳಸಿ ಮಾತಾಡುವವರಲ್ಲ. "ನೋಡಮ್ಮ, ಶನಿವಾರ ಚಾಕಿ ಕೇಂದ್ರದ ಮಲ್ಲಾಜಮ್ಮನವರು ಬಂದು ನೋಡ್ತಾರೆ. ಮಹಾಲಿಂಗ ಇಲ್ಲಿ ಸರಿಯಿದೆ ಅಂತಾನೆ. ನಿನ್ ಹತ್ರ ಬಂದು ಕೆಡ್ತಾ ಇದೆ. ಶನಿವಾರನೂ ಹಿಂಗೇ ನಿಂತ್ರೆ ನಾನು ಆ ಎರಡು ಮೆಷಿನ್ನೂ ಇಲ್ಲಿಗೆ ಎತ್ತಿಸ್ಕೊತೀನಿ. ಬ್ರಾಂಚ್ ನಡೆಸೋಕೆ ಆಗಲ್ಲ ನನಗೆ."

"ನಾನು ಕೆಡಿಸಿಲ್ಲ ಸರ್."

"ಮತ್ತೆ ಯಾರು ಕೆಡಿಸಿದ್ರು? ಮಹಾಲಿಂಗನಾ?"

ಫೋನಿಟ್ಟ ಮೇಲೆ ಭಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಮಹಾಲಕ್ಷ್ಮಮ್ಮ ಸ್ಟೂಲನ್ನು ಅವಳ ಕಡೆಗೆ ಸರಿಸಿದರು.

ಮನೆಯಲ್ಲಿ ಅವ್ವ ರಾಚಮ್ಮ ಕೇಳಿಸಿಕೊಂಡು, "ಓದ್ರೆ ಓಗ್ಲಿ ಬುಡವ್ವ. ಮೊದ್ಲೇನ್ ಆ ಡಬ್ಬ ಇತ್ತಾ ನಮ್ಗೆ?" ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಬಿಎಸ್ಸಿ ಮಾಡಿ ಮೂರು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ ಅದು. ಬೆಳಿಗ್ಗೆ ಬರುವ ಹನ್ನೆರಡು ಹುಡುಗಿಯರು ಅವಳನ್ನು ಮೇಡಂ ಎನ್ನುತ್ತಿದ್ದರು. ಅವರನ್ನು ಚಾಮರಾಜನಗರಕ್ಕೆ ಯಾರೂ ದಿನಾ ಕಳಿಸುವುದಿಲ್ಲ.

"ನಾಳೆ ನಾನೇ ಚಾಮರಾಜನಗರಕ್ಕೆ ಹೋಗ್ತೀನಿ ಅವ್ವ," ಎಂದಳು.

"ಜಗಳ ಮಾಡಕಾ?"

"ಬೇಕಾದ್ರೆ."

"ಉಣ್ಕಂಡ್ ಓಗು. ಹಸ್ಕಂಡ್ ಜಗಳ ಮಾಡಿದ್ರೆ ಅಳು ಬತ್ತದೆ."

*

ಸೆಂಟರು ಒಂದು ಅರಿಶಿನದ ಮಂಡಿಯ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ಹಳದಿ ಧೂಳು. ಭಾನು ಹತ್ತುತ್ತಾ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮಹಾಲಿಂಗ ಸರ್ ಎಂದರೆ ಐವತ್ತರ ಆಸುಪಾಸಿನ, ತಲೆ ನರೆತ, ಎದುರು ಮಾತಾಡಿದರೆ ಕನ್ನಡಕದ ಮೇಲಿಂದ ನೋಡುವ ಮನುಷ್ಯ ಎಂದು ಅವಳ ಎಣಿಕೆ.

ಒಳಗೆ ಇಪ್ಪತ್ತೆಂಟರ ಯುವಕನೊಬ್ಬ ಒದ್ದೆ ಬಟ್ಟೆಯಿಂದ ಒಂದೊಂದೇ ಕೀ ಒರೆಸುತ್ತಿದ್ದ. ತೋಳು ಮಡಿಸಿದ ಬಿಳಿ ಅಂಗಿ, ಮೊಣಕೈಯಲ್ಲಿ ಅರಿಶಿನದ ಕಲೆ.

"ಮಹಾಲಿಂಗ ಸರ್ ಇಲ್ವಾ?"

ಅವನು ತಲೆಯೆತ್ತಿದ. ಅವಳ ಕೈಲಿದ್ದ ಫ್ಲಾಪಿ ಡಬ್ಬವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಕೈಯಲ್ಲಿದ್ದ ಬಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೇ ತುರುಕಿಕೊಂಡ.

"ನೀವು ಗುಂಡ್ಲುಪೇಟೆ ಭಾನು ಮೇಡಂ."

"ನೀವು..."

"ನಾನೇ."

ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಐವತ್ತು ವರ್ಷದವರಿಗೆ ಹೇಳಬೇಕಾದವು. ಅವನ ಜೇಬು ಒದ್ದೆಯಾಗುತ್ತಿತ್ತು. ಅವಳು ಅದನ್ನು ನೋಡಿದ್ದನ್ನು ಅವನೂ ನೋಡಿದ.

"ಜಗಳಕ್ಕೆ ಬಂದಿದ್ದೀರಾ?" ಎಂದ.

"ಹೌದು."

"ಮೊದಲು ನೀರು ಕುಡೀರಿ. ಬಸ್ಸಲ್ಲಿ ಬಂದಿದ್ದೀರಿ. ಆಮೇಲೆ ಶುರು ಮಾಡೋಣ."

ಅವನು ಹೂಜಿಯಿಂದ ನೀರು ಕೊಟ್ಟ. ಟೇಬಲ್ ಫ್ಯಾನನ್ನು ಅವಳು ಕೂರುವ ಕುರ್ಚಿಯ ಕಡೆಗೆ ತಿರುಗಿಸಿದ. ಅದಾದ ಮೇಲೆ ಜಗಳ ಶುರುಮಾಡುವುದು ಕಷ್ಟವೇ ಆಯಿತು. ಆದರೂ ಭಾನು ಬಿಡಲಿಲ್ಲ.

"ನಿಮ್ಮ ಮೆಷಿನ್ನಲ್ಲಿ ನಾನೂರು ಜನರನ್ನೂ ಹಾಕಿ ನೋಡಿದ್ದೀರಾ?"

"ನೂರು ಹಾಕಿದ್ದೆ. ಪೂರ್ತಿ ಡೇಟಾ ನಿಮ್ಮ ಹತ್ರ ಅಲ್ವಾ?"

"ಈಗ ಹಾಕಿ."

ಅವನು ಅವಳ ಫ್ಲಾಪಿ ಹಾಕಿ ಓಡಿಸಿದ. ಇನ್ನೂರು ಸರಾಗವಾಗಿ ದಾಟಿತು. ಇನ್ನೂರ ಐದೂ ದಾಟಿತು. ಅವನ ತುಟಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು. ಭಾನುವಿಗೆ ಅದು ಕಾಣಿಸಿತು. ಇನ್ನೂರ ತೊಂಬತ್ತರ ಹತ್ತಿರ ಬಂದಾಗ ಪ್ರೋಗ್ರಾಮ್ ನಿಂತು, ಜಾಗ ಸಾಲದು ಎಂಬ ಸಂದೇಶ ತೋರಿಸಿತು. ತುಟಿ ಕೆಳಗಿಳಿಯಿತು. ಅದೂ ಕಾಣಿಸಿತು.

"ಇದು ನಿಮಗೂ ಬಂತಾ?" ಎಂದ.

"ಹೋದ ವಾರ ಬಂತು. ಅದಕ್ಕೇ ಮಾಡೆಲ್ಲನ್ನ ಸ್ಮಾಲ್‌ನಿಂದ ಲಾರ್ಜ್‌ಗೆ ಹಾಕಿದೆ. ಆಗ ಜಾಗ ಸಿಕ್ತು."

ಅವನು ಕುರ್ಚಿಯನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿದ. "ಲಾರ್ಜಾ? ನನಗೆ ಹೇಳಲೇ ಇಲ್ಲ!"

"ನೀವು ಕೇಳಲಿಲ್ಲ."

"ಏನು ಬದಲಾಯಿಸಿದಿರಿ ಅಂತ ಕೇಳಿದ್ದೆನಲ್ಲ?"

"ಅದು ಕೇಳಿದ್ದಲ್ಲ. ಬೈದಿದ್ದು."

ಕೆಳಗೆ ಮಂಡಿಯಲ್ಲಿ ಯಾರೋ ಮೂಟೆ ಎತ್ತಿಹಾಕಿದರು. ನೆಲ ಅದುರಿತು.

"ಓದೋಕೆ ಹಾಗಿತ್ತಾ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

"ಹಾಗೇ ಇತ್ತು."

ಮಾಡೆಲ್ ಎನ್ನುವುದು ಪ್ರೋಗ್ರಾಮಿನೊಳಗೆ ಬರೆಯುವಂಥದಲ್ಲ. ಪ್ರೋಗ್ರಾಮಿಗೆ ಎಷ್ಟು ಜಾಗ ಸಿಗಬೇಕೆಂದು ಆಯಾ ಮೆಷಿನ್ನಿನಲ್ಲೇ ಮಾಡಿಟ್ಟುಕೊಳ್ಳುವ ಏರ್ಪಾಟು ಅದು. ಫ್ಲಾಪಿಯೊಳಗೆ ಕೂತು ಮೂಗಯ್ಯನ ಬಸ್ಸಿನಲ್ಲಿ ಪ್ರೋಗ್ರಾಮ್ ಓಡಾಡಿತು, ಏರ್ಪಾಟು ಓಡಾಡಲಿಲ್ಲ. ಒಂದು ವಾರದಿಂದ ಇಬ್ಬರೂ ಒಂದೇ ಬರಹವನ್ನು ಬೇರೆ ಬೇರೆ ರೀತಿಯಲ್ಲಿ ಓಡಿಸುತ್ತಾ ನಾನೇ ಸರಿ ಎಂದುಕೊಂಡಿದ್ದರು.

ಮಹಾಲಿಂಗ ತನ್ನ ಮೆಷಿನ್ನನ್ನೂ ಲಾರ್ಜ್‌ಗೆ ಹಾಕಿದ. ಇನ್ನೂರ ನಾಲ್ಕು ಬಂತು. ಪರದೆ ನಿಂತಿತು.

"ಚಿಕ್ಕಮಲ್ಲಪ್ಪ," ಎಂದಳು ಭಾನು.

"ಯಾರು?"

"ಇನ್ನೂರ ಐದನೆಯವರು. ಒಂದು ಸಲ ಅವರನ್ನ ತೆಗೆದೂ ಹಾಕಿದ್ದೆ."

ಅವನು ನಕ್ಕ. ಅವಳೂ ನಕ್ಕಳು. ಆಮೇಲೆ ಇಬ್ಬರೂ ಒಟ್ಟಿಗೆ ಗಂಭೀರರಾದರು, ಏಕೆಂದರೆ ಶನಿವಾರಕ್ಕೆ ಒಂದೇ ದಿನ ನಡುವೆ ಇತ್ತು.

"ರೈತರನ್ನ ಕಡಿಮೆ ಮಾಡಿ ನೋಡೋಣ," ಎಂದಳು ಭಾನು. "ನೂರಕ್ಕೆ ಎಲ್ಲಿ ನಿಲ್ಲುತ್ತೆ?"

ನೂರಕ್ಕೆ ಐವತ್ತೆರಡು ದಾಟಲಿಲ್ಲ. ಅವಳು ಒಂದು ಹಾಳೆಯ ಮೇಲೆ ಬರೆದಳು. ನಾನೂರಕ್ಕೆ ಇನ್ನೂರ ನಾಲ್ಕು. ನೂರಕ್ಕೆ ಐವತ್ತೆರಡು. ಅವನು ಬಗ್ಗಿ ನೋಡಿದ. ಅವನ ಅಂಗಿಯಿಂದ ಸೋಪಿನ ವಾಸನೆಯೂ ಅರಿಶಿನದ ವಾಸನೆಯೂ ಬಂತು. ಭಾನು ಪೆನ್ನನ್ನು ಸುಮ್ಮನೆ ಹಾಳೆಯ ಮೇಲೆ ಇನ್ನೊಂದು ಸಲ ಎಳೆದಳು, ಬರೆಯಲು ಏನೂ ಇಲ್ಲದಿದ್ದರೂ.

"ಎರಡೂ ಅರ್ಧ," ಎಂದಳು. "ಅರ್ಧ, ಮೇಲೆ ಒಂದಿಷ್ಟು."

"ಮೇಲಿನದು ಕೊಸರು," ಎಂದ ಅವನು. "ನಾವು ಕೇಳಿದಷ್ಟೇ ಅಳೆದು ಕೊಡೋದಿಲ್ಲ ಇದು. ಸೊಪ್ಪಿನವಳು ಹಾಕ್ತಾಳಲ್ಲ, ಹಾಗೆ ಸ್ವಲ್ಪ ಮೇಲೆ ಸೇರಿಸುತ್ತೆ. ಕೊಸರು ಬಿಟ್ಟರೆ ಸರಿಯಾಗಿ ಅರ್ಧ."

"ಹಾಗಾದ್ರೆ ನಾವು ಬೇಕಾದ್ದರಲ್ಲಿ ಅರ್ಧ ಜಾಗ ಕೇಳಿದ್ದೀವಿ."

"ನಾನೂರಕ್ಕೇ ಕೇಳಿದ್ದೀನಿ ನಾನು."

"ನಾನೂರು ಯಾವುದಕ್ಕೆ?"

ಭಾನು ನಿಧಾನವಾಗಿ, ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು. "ಮೊದಲನೇ ಪಟ್ಟಿಯಲ್ಲಿ ಇರೋದು ವಿಳಾಸ. ನಮ್ಮ ಊರೊಳಗೇ ಕಾಗದ ಕೊಟ್ಟು ಕಳಿಸೋದಾದ್ರೆ ಬೀದಿ ಹೆಸರು ಬರೆದ್ರೆ ಸಾಕು. ಇಲ್ಲಿಂದ ಅಲ್ಲಿಗೆ ಕಳಿಸೋದಾದ್ರೆ ಊರ ಹೆಸರೂ ಬೇಕು, ಬೀದಿ ಹೆಸರೂ ಬೇಕು. ಸ್ಮಾಲ್‌ನಲ್ಲಿ ಎಲ್ಲ ಒಂದೇ ಊರು. ಲಾರ್ಜ್‌ನಲ್ಲಿ ಹಲವಾರು ಊರು. ವಿಳಾಸ ಎರಡರಷ್ಟು ಉದ್ದ ಆಗುತ್ತೆ, ಅಲ್ವಾ?"

"ಆಗುತ್ತೆ. ಎರಡು ಬೈಟ್ ಇದ್ದದ್ದು ನಾಲ್ಕು..."

ಅವನು ನಿಲ್ಲಿಸಿದ. ಅವನ ಬೆರಳು ಪರದೆಯ ಮೇಲೆ ಒಂದು ಸಾಲಿಗೆ ಹೋಗಿ ಅಲ್ಲೇ ಉಳಿಯಿತು. ಪಟ್ಟಿಗೆ ಜಾಗ ಕೇಳುವಾಗ ನಾನೂರು ವಿಳಾಸಗಳ ಅಳತೆ ಕೇಳುವ ಬದಲು ನಾನೂರು ಅಂಕಿಗಳ ಅಳತೆ ಕೇಳಿದ್ದ. ಇಂಟ್ ಎಂದರೆ ಅಂಕಿ, ಅದರ ಮುಂದೆ ಒಂದು ಸ್ಟಾರ್ ಬಿದ್ದರೆ ವಿಳಾಸ; ಆ ಸ್ಟಾರ್ ಹಾಕಬೇಕಿತ್ತು, ಹಾಕಿರಲಿಲ್ಲ. ಸ್ಮಾಲ್‌ನಲ್ಲಿ ಅಂಕಿಯೂ ಎರಡು ಬೈಟ್, ವಿಳಾಸವೂ ಎರಡು ಬೈಟ್. ತಪ್ಪು ತಪ್ಪಾಗಿ ಕಾಣಿಸಿರಲೇ ಇಲ್ಲ. ಲಾರ್ಜ್‌ಗೆ ಹೋದ ಕೂಡಲೇ ಅರ್ಧದಷ್ಟು ವಿಳಾಸಗಳು ಪಟ್ಟಿಯಿಂದ ಹೊರಗೆ ಚೆಲ್ಲಿ, ಪಕ್ಕದಲ್ಲಿದ್ದ ಮೊದಲ ರೈತರ ಜಾಗದಲ್ಲಿ ಹೋಗಿ ಬಿದ್ದಿದ್ದವು. ಮೊದಲ ರೈತರ ವಿವರ ತುಂಬಿದಾಗ ಅವು ಅಳಿಸಿಹೋಗಿದ್ದವು. ಚಿಕ್ಕಮಲ್ಲಪ್ಪನನ್ನು ಹುಡುಕಿಕೊಂಡು ಹೋದ ಪ್ರೋಗ್ರಾಮಿಗೆ ಇಲ್ಲದ ಊರಿನ ವಿಳಾಸ ಸಿಕ್ಕಿತ್ತು.

ಅವನು ಸ್ಟಾರ್ ಹಾಕಿದ. ಓಡಿಸಿದ. ಇನ್ನೂರ ಐದು, ಇನ್ನೂರ ಆರು, ಮುನ್ನೂರು, ನಾನೂರು. ಕೊನೆಯಲ್ಲಿ ಕರ್ಸರ್ ತಣ್ಣಗೆ ಮಿನುಗುತ್ತಾ ನಿಂತಿತು.

ಭಾನು ಚಪ್ಪಾಳೆ ತಟ್ಟಿದಳು. ತಟ್ಟಿದ ಮೇಲೆ ನಾಚಿಕೆಯಾಯಿತು. ಮಹಾಲಿಂಗ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು.

"ತಪ್ಪು ನನ್ನದು," ಎಂದ. "ಮೊದಲ ದಿನದಿಂದ."

"ರಾಜಶೇಖರ್ ಸರ್‌ಗೆ ಏನು ಹೇಳ್ತೀರಿ?"

ಅವನು ಕೀಬೋರ್ಡಿನ ಮೇಲೆ ಇಲ್ಲದ ಧೂಳನ್ನು ಬೆರಳಿನಿಂದ ಒರೆಸಿದ. "ಸರಿಯಾಯ್ತು ಅಂತ ಫೋನಲ್ಲಿ ಹೇಳ್ತೀನಿ. ಅವರು ಮೈಸೂರಿಗೆ ಹೋಗಿದ್ದಾರೆ."

ಸರಿಯಾಯ್ತು ಎನ್ನುವುದು ಸುಳ್ಳಲ್ಲ. ಆದರೆ ಅದು ಅವಳು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ. ಭಾನು ಫ್ಲಾಪಿಯನ್ನು ಡಬ್ಬಕ್ಕೆ ಹಾಕಿಕೊಂಡಳು. ಅವನು ಬಸ್‌ಸ್ಟ್ಯಾಂಡಿನವರೆಗೂ ಬಂದ. ಕಿಟಕಿಯ ಪಕ್ಕ ಜಾಗ ಸಿಗುವವರೆಗೆ ನಿಂತು ನೋಡಿದ. ಬಿಸಿಲು ಬೀಳದ ಬದಿಯಲ್ಲಿ ಕೂರಲು ಹೇಳಿದ.

ಬಸ್ಸು ಹೊರಟ ಮೇಲೆ ಮೂಗಯ್ಯ ಟಿಕೆಟ್ ಹರಿಯುತ್ತಾ ಅವಳ ಮುಖ ನೋಡಿದ. "ಯಾನವ್ವ, ಕಾಗ್ದ ಬರ್ದೋನ್ನ ಕಂಡ್ಬುಟ್ಟು ಬಂದ್ಯಾ? ಮೊಕ ಯಾಕಿಂಗ್ ಮಾಡ್ಕಂಡಿದ್ದೀಯ? ಚೆನ್ನಾಗಿಲ್ವಾ ಅವ್ನು?"

"ಚೆನ್ನಾಗಿದ್ದಾರೆ ಮೂಗಯ್ಯಣ್ಣ."

"ಮತ್ಯಾಕ?"

"ಅದೇ ಕಷ್ಟ."

ಮೂಗಯ್ಯ ಅರ್ಥವಾದವನ ಹಾಗೆ ತಲೆಯಾಡಿಸಿ ಮುಂದಿನ ಸೀಟಿಗೆ ಹೋದ.

*

ಶುಕ್ರವಾರ ಫ್ಲಾಪಿ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಆದರೂ ಹನ್ನೊಂದು ಗಂಟೆಗೆ ಭಾನು ಒಂದು ಸಲ ಕಿಟಕಿಯ ಹತ್ತಿರ ಹೋಗಿ ಬಂದಳು.

ಪ್ರೋಗ್ರಾಮ್ ನಡೆದರೆ ಕೆಲಸ ಉಳಿಯಬಹುದು. ಆದರೆ ಮಾಲೀಕರ ಲೆಕ್ಕದಲ್ಲಿ ಅವಳು ಕೆಡಿಸಿದವಳು, ಮಹಾಲಿಂಗ ಸರಿಮಾಡಿದವನು ಎಂದೇ ಇರುತ್ತದೆ. ಮುಂದೆ ಏನು ಕೆಟ್ಟರೂ ಮೊದಲು ಅವಳ ಹೆಸರೇ. ತಾನೇ ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಅದನ್ನು ಅವನೇ ಹೇಳಬೇಕೆಂದು ಅವಳಿಗೆ ಆಸೆಯಿತ್ತು. ಎಷ್ಟು ಆಸೆಯೆಂದರೆ, ಅವನು ಹೇಳದೆ ಹೋದರೆ ಎರಡು ತಿಂಗಳ ಆ ಕಾಮೆಂಟುಗಳನ್ನೆಲ್ಲ ಅಳಿಸಿಬಿಡುವುದೆಂದು ನಿರ್ಧರಿಸಿದಳು.

ಶನಿವಾರ ರಾಜಶೇಖರ್ ಕಾರಿನಲ್ಲಿ ಬಂದರು. ಹಿಂದಿನ ಬಾಗಿಲಿನಿಂದ ಮಹಾಲಿಂಗ ಇಳಿದ. ಇಸ್ತ್ರಿ ಮಾಡಿದ ಅಂಗಿ. ಭಾನುವಿನ ಕಡೆ ನೋಡಿದ, ನಗಲಿಲ್ಲ. ಸ್ವಲ್ಪ ಹೊತ್ತಿಗೆ ಚಾಕಿ ಕೇಂದ್ರದ ಅಧ್ಯಕ್ಷೆ ಮಲ್ಲಾಜಮ್ಮ ಮೆಟ್ಟಿಲು ಹತ್ತಿ ಬಂದರು. ಅರವತ್ತರ ಹೆಂಗಸು, ಹಣೆಯಲ್ಲಿ ವಿಭೂತಿ, ಕಾಲಲ್ಲಿ ದಪ್ಪ ಚಪ್ಪಲಿ. ಹುಳು ಸಾಕಿ ಸಾಕಿ ಸಣ್ಣದನ್ನು ನೋಡುವುದು ಕಣ್ಣಿಗೆ ಅಭ್ಯಾಸವಾಗಿದ್ದವರು.

"ಎಲ್ಲವ್ವ, ತೋರ್ಸು," ಎಂದು ಪರದೆಯ ಮುಂದೆಯೇ ಕೂತರು.

ಭಾನು ಓಡಿಸಿದಳು. ಸಂಖ್ಯೆಗಳು ಓಡಿದವು. ಇನ್ನೂರ ನಾಲ್ಕು, ಇನ್ನೂರ ಐದು, ಮುನ್ನೂರು, ನಾನೂರು.

"ಚಿಕ್ಕಮಲ್ಲಪ್ಪ ಅಂತ ನನ್ ಮೈದುನ ಇದಾನೆ. ಹೋದ್ ವರ್ಷ ಮೂರ್ನೇ ಬೆಳೆಗೆ ಹುಳ ಜ್ವರದಿಂದ ಸರಿಯಾಗಿ ಏಳಲಿಲ್ಲ ಅಂತ ಕೇಂದ್ರದ ಮೇಲೆ ಕೂಗಾಡ್ದ. ತೆಗಿ ಅವನ್ದ."

ಭಾನು ತೆಗೆದಳು. ಮೂರನೆಯ ಬೆಳೆಯಲ್ಲಿ ಅವನ ಹುಳು ಮನೆಯ ಶಾಖದ ಅಂಕಿ ಉಳಿದವರಿಗಿಂತ ಬಹಳ ಮೇಲಿತ್ತು.

"ನೋಡು ಮತ್ತೆ!" ಮಲ್ಲಾಜಮ್ಮ ತೊಡೆ ತಟ್ಟಿಕೊಂಡರು. "ತಗಡಿನ ಸೂರಿನ ಕೆಳಗೆ ಸಾಕ್ಬಿಟ್ಟು ನಮ್ಮನ್ನ ಬೈದ. ಇದನ್ನ ಅವನಿಗೆ ಅಚ್ಚು ಹಾಕಿ ಕೊಡು. ಚೆನ್ನಾಗಿದೆ ಕಣಯ್ಯ ರಾಜಶೇಖರ."

ರಾಜಶೇಖರ್ ಮುಖ ಅರಳಿತು. "ಎಲ್ಲ ನಮ್ಮ ಮಹಾಲಿಂಗನ ಕ್ಯಾಮೆ ಅವ್ವಾರೆ. ನಡುವೆ ಈ ಹುಡುಗಿ ಏನೋ ಕೆಡಿಸಿಬಿಟ್ಟಿದ್ಲು. ಇವನು ಕೂತು ಸರಿಮಾಡಿದ."

ಭಾನು ನೆಲ ನೋಡಿದಳು.

"ಇಲ್ಲ ಸರ್," ಎಂದ ಮಹಾಲಿಂಗ.

"ಏನಿಲ್ಲ?"

"ಅವರು ಕೆಡಿಸಿರಲಿಲ್ಲ. ಜಾಗ ಕೇಳುವ ಕಡೆ ನಾನೇ ತಪ್ಪು ಬರೆದಿದ್ದೆ. ಅವರು ಮಾಡಿದ ಬದಲಾವಣೆ ಸರಿಯಾಗೇ ಇತ್ತು, ಅದರಿಂದಲೇ ನನ್ನ ತಪ್ಪು ಹೊರಗೆ ಬಂತು. ಹುಡುಕಿದ್ದೂ ಅವರೇ. ನಾನು ನೋಡದೆ ಅವರ ಮೇಲೆ ನಿಮಗೆ ಹೇಳಿದೆ. ಅದು ಇನ್ನೊಂದು ತಪ್ಪು."

ಅವನು ಇದನ್ನೆಲ್ಲ ಪಾಠ ಒಪ್ಪಿಸುವವನ ಹಾಗೆ, ಕೈಕಟ್ಟಿಕೊಂಡು ಹೇಳಿದ. ರಾಜಶೇಖರ್ ಅವನನ್ನೂ ಭಾನುವನ್ನೂ ನೋಡಿದರು. ಗಿರಾಕಿಯ ಎದುರು ಹೀಗಾಯಿತಲ್ಲ ಎಂದು ಅವರಿಗೆ ಸಿಟ್ಟು.

"ಮೊನ್ನೆ ಫೋನಲ್ಲಿ ಯಾಕೆ ಹೇಳಲಿಲ್ಲ ಇದನ್ನ?"

"ಬಾಯಿ ಬರಲಿಲ್ಲ ಸರ್."

"ಹಂಗಾದ್ರೆ ಕೇಳು. ಇನ್ನೂ ಮುನ್ನೂರು ಜನ ಹೊಸ ರೈತರನ್ನ ಸೇರಿಸಬೇಕಂತೆ. ತಪ್ಪು ಮಾಡಿದವನೇ ಇಲ್ಲಿ ಕೂತು ತುಂಬು. ಎರಡು ತಿಂಗಳು ಚಾಮರಾಜನಗರದ ಕಡೆ ತಲೆ ಹಾಕ್ಬೇಡ. ಅಲ್ಲಿ ಸೀನಿಯರ್ ಬ್ಯಾಚ್ ಬೇರೆಯವರಿಗೆ ಕೊಡ್ತೀನಿ."

ಮೂರು ವರ್ಷದಿಂದ ಅವನು ನಡೆಸಿಕೊಂಡು ಬಂದ ಬ್ಯಾಚದು. ಮಹಾಲಿಂಗನ ಮುಖ ಒಂದು ಕ್ಷಣ ಸಪ್ಪಗಾಯಿತು. ಆಮೇಲೆ "ಆಗಲಿ ಸರ್" ಎಂದ.

ಮಲ್ಲಾಜಮ್ಮ ಅವನ ಮುಖ ನೋಡಿದರು. ಭಾನುವಿನ ಮುಖ ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆವದಲ್ಲಿ ನಗು ಮುಚ್ಚಿಕೊಂಡರು. "ರಾಜಶೇಖರ, ನೀನು ಬೈತಿದ್ದೀಯೋ ಹರಸ್ತಿದ್ದೀಯೋ ನನಗೊಂದೂ ತಿಳೀತಿಲ್ಲಪ್ಪ. ನಡಿ, ಕಾಫಿ ಕೊಡಿಸು."

*

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಭಾನು ಮೆಷಿನ್‌ಗಳಿಗೆ ಬಟ್ಟೆ ಹೊದಿಸಿದಳು. ಅವನು ಕಿಟಕಿ ಹಾಕಿದ.

"ಗುರುವಾರ ನೀವು ಕೇಳಿದಾಗಲೇ ಹೇಳಬೇಕಿತ್ತು," ಎಂದ. "ಅಲ್ಲಿ ಎಲ್ಲರೂ ನಾನು ತಪ್ಪೇ ಮಾಡೋನಲ್ಲ ಅಂದುಕೊಂಡಿದ್ದಾರೆ. ಅದು ರೂಢಿ ಆಗಿಬಿಟ್ಟಿತ್ತು. ನಿಮ್ಮ ಬಸ್ಸು ಹೋದ ಮೇಲೆ ಎರಡು ದಿನ ಊಟ ಸೇರಲಿಲ್ಲ."

"ಬ್ಯಾಚ್ ಹೋಯ್ತಲ್ಲ ನಿಮ್ದು."

"ಹೋಯ್ತು. ಬೇಜಾರಿದೆ." ಅವನು ಕಿಟಕಿಯ ಅಗುಳಿಯನ್ನು ಮತ್ತೊಮ್ಮೆ ಹಾಕಿದ, ಆಗಲೇ ಹಾಕಿದ್ದರೂ. "ಆದ್ರೆ ಇಲ್ಲಿ ಎರಡು ತಿಂಗಳು ಅಂದಾಗ ಬೇಜಾರಾಗಲಿಲ್ಲ. ಅದನ್ನ ಸರ್‌ಗೆ ಹೇಳಲಿಲ್ಲ. ನಿಮಗೆ ಹೇಳ್ತಿದ್ದೀನಿ."

ಭಾನು ಅವನ ಕಡೆ ತಿರುಗಿದಳು. ಅವನು ನೋಟ ತಪ್ಪಿಸಲಿಲ್ಲ. ಮೊದಲು ತಪ್ಪಿಸಿದವಳು ಅವಳೇ, ಅದೂ ಸ್ವಲ್ಪ ಹೊತ್ತಾದ ಮೇಲೆ.

"ಎರಡು ತಿಂಗಳಾದ ಮೇಲೆ?" ಎಂದಳು.

"ನೀವು ಇರಿ ಅಂದ್ರೆ ಇರ್ತೀನಿ. ಸಂತೆಮರಹಳ್ಳಿಯಲ್ಲಿ ನಮ್ಮ ದೊಡ್ಡವ್ವ ಮಾದಮ್ಮ ಇದ್ದಾರೆ, ನನ್ನ ಸಾಕಿದವರು. ಅವರನ್ನ ಕರ್ಕೊಂಡು ನಿಮ್ಮ ಮನೆಗೆ ಬರಬೇಕು ಅಂತಿದ್ದೀನಿ. ಕ್ರಮವಾಗಿ. ನಿಮಗೆ ಇಷ್ಟ ಇದ್ರೆ."

"ಇಷ್ಟ ಇದೆ," ಎಂದಳು ಭಾನು. ಇಷ್ಟು ಸುಲಭವಾಗಿ ಬಂದುಬಿಟ್ಟಿತಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. "ಆದ್ರೆ ದೊಡ್ಡವ್ವನ್ನ ಕರ್ಕೊಂಡು ಬರೋಕೆ ಮುಂಚೆ ನಮ್ಮವ್ವನ್ನ ಒಂದು ಸಲ ನೋಡಿ. ಈಗಲೇ. ಮನೆ ಹತ್ರಾನೇ."

"ಈಗಲೇ?"

"ಹೆದರಿಕೆನಾ?"

"ಹೆದರಿಕೆನೇ," ಎಂದ. ಆದರೂ ಚಪ್ಪಲಿ ಮೆಟ್ಟಿಕೊಂಡ.

ರಾಚಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗಳ ಜೊತೆ ಬಂದವನನ್ನು ಕಂಡು ಕೈ ನಿಲ್ಲಿಸಿದಳು. ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಇವ್ನೇನಾ? ನಮ್ ಉಡ್ಗಿ ಮೇಲೆ ದೂರು ಯೋಳಿದ್ದೋನು?"

"ಅವ್ವ," ಎಂದಳು ಭಾನು.

"ನೀ ಸುಮ್ಕಿರು. ಅವ್ನ ಕೇಳ್ತಿವ್ನಿ ನಾನು."

ಮಹಾಲಿಂಗ ಹೊಸ್ತಿಲ ಕೆಳಗೇ ನಿಂತ. "ನಾನೇ ಅವ್ವ. ತಪ್ಪು ನಂದಾಗಿತ್ತು. ಇವರ ಮೇಲೆ ಹೇಳಿದ್ದೂ ತಪ್ಪೇ. ಇವತ್ತು ಎಲ್ಲರ ಎದುರಿಗೆ ಒಪ್ಪಿಕೊಂಡೆ. ನಿಮ್ಮ ಎದುರಿಗೂ ಒಪ್ಪಿಕೊಳ್ತೀನಿ."

ರಾಚಮ್ಮ ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಸುರಿದು, ಮೊಣಕಾಲು ಹಿಡಿದುಕೊಂಡು ಎದ್ದಳು.

"ನಿಮ್ಮಪ್ಪ ಮೂವತ್ ವರ್ಸ ಬಾಳ್ವೆ ಮಾಡ್ದ, ಒಂದಿನ ಈ ಮಾತ ಬಾಯಿಂದ ತೆಗೀಲಿಲ್ಲ," ಎಂದು ಮಗಳಿಗೆ ಹೇಳಿದಳು. "ಇವ್ನು ಒಸ್ಲು ದಾಟಕ್ ಮುಂಚೇನೇ ಆಡ್ಬುಟ್ಟ."

ಆಮೇಲೆ ಅವನ ಕಡೆ ತಿರುಗಿದಳು.

"ಯಾಕಪ್ಪ ಅಲ್ಲೇ ನಿಂತಿದ್ದೀಯ? ಕಾಲ್ ತೊಳ್ಕಂಡ್ ಒಳಕ್ ಬಾ. ಎಲ್ಡ್ ದಿನದಿಂದ ಉಂಡಿಲ್ಲ ಅಂತ ಮೊಕನೇ ಯೋಳ್ತದೆ."